ಡಬ್ಬಿಯ ಮೇಲಿನ ಹೆಸರು

೧೫ ಜನವರಿ ೧೯೭೯, ಸೋಮವಾರ. ಸುಗಟೂರು

ರೇಷ್ಮೆ ಇಲಾಖೆಯವರು ಕೊಟ್ಟ ಡೈರಿ ಹದಿನೈದು ದಿನದಿಂದ ಖಾಲಿ ಬಿದ್ದಿದೆ. ಸರ್ಕಾರದ ಕಾಗದ ದಂಡವಾಗಬಾರದೆಂದು ಬರೆಯಲು ಕೂತಿದ್ದೇನೆ.

ನಿನ್ನೆ ಸಂಕ್ರಾಂತಿ, ಇವತ್ತು ಮಾಂಸದೂಟ. ಎರಡು ತುತ್ತು ಹೆಚ್ಚಾಯಿತೋ ಏನೋ, ದೀಪಾವಳಿಯಿಂದ ಕಾಡುತ್ತಿರುವ ಹೊಟ್ಟೆಯುರಿ ಮತ್ತೆ ಎದ್ದಿದೆ. ಇವಳು ಅಷ್ಟೆಲ್ಲ ಬೇಯಿಸಿ ಬಡಿಸಿ, ತಾನು ಮಾತ್ರ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಎದ್ದಳು. ಯಾಕೆ ಎಂದರೆ, “ವಾಸ್ನೆ ಒಗ್ಗಲ್ಲ ಕಣ್ರೀ” ಎಂದಳು. ಮದುವೆಯಾಗಿ ಮೂವತ್ತು ವರ್ಷ ತಲೆಮಾಂಸಕ್ಕೆ ನನ್ನೊಡನೆ ಪೈಪೋಟಿಗೆ ಬೀಳುತ್ತಿದ್ದ ಹೆಂಡತಿ ಇವಳು! ವಯಸ್ಸಾದಂತೆ ಭಕ್ತಿ ಹೆಚ್ಚುತ್ತಿರಬೇಕು.

೫ ಫೆಬ್ರವರಿ, ಸೋಮವಾರ

ಅರ್ಧ ದಿನ ರಜೆ ಹಾಕಿ ಕೋಲಾರದ ಆಸ್ಪತ್ರೆಗೆ ಹೋಗಿ ಬಂದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಕಣ್ಣಿನ ಕೆಳರೆಪ್ಪೆ ಎಳೆದು, ಒಳಗೆ ಕೆಂಪಗಿದೆಯೇ ಎಂದು ನೋಡಿದರು. ವಯಸ್ಸು ಕೇಳಿದರು, ಐವತ್ತಮೂರು ಎಂದೆ. ತೂಕ ಇಳಿದಿದೆಯೇ ಎಂದರು, ಪ್ಯಾಂಟು ಸಡಿಲವಾಗಿದೆ ಎಂದೆ. ಪರೀಕ್ಷೆಗಳಿಗೆ ಚೀಟಿ ಬರೆದುಕೊಟ್ಟರು. ಚೀಟಿಯ ಮೂಲೆಯಲ್ಲಿ ಇಂಗ್ಲಿಷಿನ ಎರಡು ಅಕ್ಷರ, ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ.

ಲ್ಯಾಬಿನಲ್ಲಿ ಮುನಿಶಾಮಿ ಎಂಬ ಟೆಕ್ನಿಷಿಯನ್ ಇದ್ದಾನೆ, ಮುಳಬಾಗಿಲಿನವನು. ಆ ಅಕ್ಷರ ಏನೆಂದು ಅವನನ್ನು ಕೇಳಿದೆ. ಮುಖ ಆ ಕಡೆ ತಿರುಗಿಸಿ, “ಹೊಟ್ಟೇಲಿ ಕ್ಯಾನ್ಸರ್ ಐತೇನೋ ಅಂತ ಬರೀ ಅನುಮಾನ ಸಾರ್. ಗಾಬರಿ ಬೀಳ್ಬೇಡಿ” ಎಂದ.

ಗಾಬರಿ ಬೀಳಬೇಡಿ ಎಂದರೆ! ಇಪ್ಪತ್ತಾರು ವರ್ಷದಿಂದ ರೇಷ್ಮೆ ಬಿತ್ತನೆ ಕೋಠಿಯಲ್ಲಿ ನಾನು ಮಾಡುವುದೂ ಪರೀಕ್ಷೆಯ ಕೆಲಸವೇ. ತಾಯಿ ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಆ ಚಿಟ್ಟೆಯನ್ನೇ ಅರೆದು, ಗಾಜಿನ ಮೇಲೆ ಒಂದು ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ತಾಯಿಯಿಂದ ಮರಿಗೆ ದಾಟುವ ಗಂಟುರೋಗದ ಒಂದು ಕಣ ಕಂಡರೂ ಅದರ ಮೊಟ್ಟೆಯೆಲ್ಲ ಬೆಂಕಿಗೆ. ಗಾಜಿನ ಈ ಕಡೆ ಕೂತು ಅಭ್ಯಾಸವಾದವನಿಗೆ ಆ ಕಡೆ ಕೂರುವುದು ಹೇಗಿರುತ್ತದೆಂದು ಇವತ್ತು ಗೊತ್ತಾಯಿತು.

ಮನೆಯಲ್ಲಿ ಇವಳಿಗೆ ಹುಣ್ಣಿರಬಹುದು ಎಂದಷ್ಟೇ ಹೇಳಿದೆ. ನನಗೆ ಸಾಯಲು ಇಷ್ಟವಿಲ್ಲ. ಬರೆದುಬಿಟ್ಟೆ, ಇದನ್ನು ಯಾರು ಓದುತ್ತಾರೆ.

೭ ಫೆಬ್ರವರಿ, ಬುಧವಾರ

ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯೇ ಎಂದು ಮೊದಲು ನೋಡುತ್ತಾರೆ. ಅದಕ್ಕೆ ಮೂರು ದಿನ ಪಥ್ಯ. ಮಾಂಸ ಕೂಡದು, ಸೊಪ್ಪು ಕೂಡದು, ಟಾನಿಕ್ ಕೂಡದು. ಇವು ಹೊಟ್ಟೆಯಲ್ಲಿದ್ದರೆ ರಕ್ತ ಇಲ್ಲದಿದ್ದರೂ ಇದ್ದಂತೆ ಬಣ್ಣ ಬರುತ್ತದಂತೆ.

ಇವಳನ್ನು ಒಲೆಯ ಮುಂದೆ ಕೂರಿಸಿ ಎಲ್ಲ ವಿವರಿಸಿದೆ. ವಿವರಿಸುವುದರಲ್ಲಿ ನನ್ನನ್ನು ಮೀರಿಸುವವರು ಕೋಠಿಯಲ್ಲೇ ಇಲ್ಲ. “ನೋಡೇ, ಪರೀಕ್ಷೇಲಿ ಕಾಣೋದು ನಾವು ತಿಂದಿದ್ದೇ. ತಿಂದಿದ್ದು ಸರಿಯಿದ್ರೆ ಪರೀಕ್ಷೆ ಸರಿ” ಎಂದೆ. ತಲೆಯಾಡಿಸಿದಳು. “ಹಂಗಾದ್ರೆ ನಾನೂ ಅದೇ ಉಣ್ತೀನಿ ಬಿಡಿ. ಇರೋರು ಇಬ್ರು, ಎರಡೆರಡು ಸಾರು ಯಾರ್ ಕಾಯಿಸ್ತಾರೆ?”

ಸೊಪ್ಪಿಲ್ಲದೆ ಈ ಊರಿನಲ್ಲಿ ಸಾರು ಮಾಡುವುದೆಂದರೆ ಏನು? ಹೆಸರುಬೇಳೆ ಕಟ್ಟು, ಅನ್ನ, ಮಜ್ಜಿಗೆ. ಅದನ್ನೂ ಇವಳು ನಾಲ್ಕು ತುತ್ತಿಗೆ ಸಾಕು ಮಾಡುತ್ತಾಳೆ. ಬಾಯಿಬಿಟ್ಟು ಹೇಳದಿದ್ದರೂ ನನ್ನ ಚಿಂತೆ ಇವಳಿಗೂ ಹತ್ತಿದೆ.

೧೦ ಫೆಬ್ರವರಿ, ಶನಿವಾರ

ಆಸ್ಪತ್ರೆಯವರು ಕೊಟ್ಟಿದ್ದ ಪುಟ್ಟ ತಗಡಿನ ಡಬ್ಬಿಗೆ ನಾನೇ ಚೀಟಿ ಬರೆದು ಅಂಟಿಸಿದೆ. ಕದಿರಪ್ಪ, ೫೩, ಸುಗಟೂರು, ೧೦-೨-೭೯. ನನ್ನ ಅಕ್ಷರಕ್ಕೆ ಕೋಠಿಯಲ್ಲಿ ಹೆಸರಿದೆ.

ನಮ್ಮ ಮನೆಗೆ ಕಕ್ಕಸಿಲ್ಲ. ಹಿತ್ತಲಿನ ಬಣವೆಯ ಮರೆಯಲ್ಲಿ ಮುತ್ತುಗದ ಎಲೆಯ ಮೇಲೆ ಕೆಲಸ ಮುಗಿಸಿ, ಕಡ್ಡಿಯಲ್ಲಿ ತೆಗೆದು ಡಬ್ಬಿಗೆ ಹಾಕುವುದನ್ನು ಇವಳಿಗೆ ಬಿಟ್ಟೆ. ಲಕ್ಷಾಂತರ ಚಿಟ್ಟೆ ಅರೆದ ಕೈ ಇದು, ಆದರೂ ಅದೊಂದು ನನ್ನಿಂದಾಗಲಿಲ್ಲ. ಸ್ನಾನ ಮಾಡುತ್ತಿದ್ದಾಗ ಹಿತ್ತಲಲ್ಲಿ ಇವಳು “ಹಚಾ! ಹಚಾ!” ಎಂದು ನಾಯಿ ಅಟ್ಟುವುದು ಕೇಳಿಸಿತು. ಆಮೇಲೆ ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. “ಬಸ್ ಹೋಗುತ್ತೆ ಕಣೇ, ಅಲ್ಲೇನ್ ಮಾಡ್ತಿದೀಯಾ?” ಎಂದು ಕೂಗಾಡಿದೆ. ಕೊನೆಗೆ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದುಕೊಟ್ಟಳು. ಬೆಳಗಿನ ಚಳಿಯಲ್ಲೂ ಹಣೆ ಬೆವೆತಿತ್ತು.

ಬಸ್ಸಿನಲ್ಲಿ ಪಕ್ಕದ ಮನೆಯ ಚನ್ನರಾಯಪ್ಪ ಟೊಮೇಟೊ ಬುಟ್ಟಿಗಳ ನಡುವೆ ಜಾಗ ಮಾಡಿಕೊಟ್ಟ. “ಏನ್ಲಾ ಕದಿರಪ್ಪ, ಅಷ್ಟು ಜೋಪಾನವಾಗಿ ಹಿಡ್ಕೊಂಡಿದೀಯಾ, ಪ್ರಸಾದಾನಾ?” ಎಂದ. ಹೌದು ಎಂದುಬಿಟ್ಟೆ. ಕೋಲಾರ ಮುಟ್ಟುವವರೆಗೆ ಅವನ ಮುಖ ನೋಡಲಿಲ್ಲ.

೧೨ ಫೆಬ್ರವರಿ, ಸೋಮವಾರ

ರಕ್ತ ಇದೆ. ಧಾರಾಳವಾಗಿ ಇದೆ. ಮುನಿಶಾಮಿ ಔಷಧಿ ಬೆರೆಸಿದ ಗಾಜಿನ ನಳಿಗೆ ತೋರಿಸಿದ, ಒಳಗೆಲ್ಲ ಕಡುನೀಲಿ. “ನಾಲ್ಕು ಪ್ಲಸ್ ಸಾರ್. ಅದಕ್ಕಿಂತ ಜಾಸ್ತಿ ಬರೆಯೋಕೆ ನಮ್ಮಲ್ಲಿ ಇಲ್ಲ” ಎಂದ. ಡಾಕ್ಟರು ಹೊಟ್ಟೆಗೆ ನಳಿಕೆ ಇಳಿಸಿ ನೋಡಬೇಕು ಎಂದರು.

ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತೆ. ನಾಚಿಕೆಯೇನಿಲ್ಲ. ಮಗಳು ಆದಿಲಕ್ಷ್ಮಿ ಮಾಲೂರಿನಲ್ಲಿ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ, ಆ ಚಿಂತೆ ಇಲ್ಲ. ಇವಳೊಬ್ಬಳೇ ಏನು ಮಾಡುತ್ತಾಳೆ? ಈಗಲೇ ಕೊರಗಿ ಕೊರಗಿ ಸೊರಗಿದ್ದಾಳೆ. ನೀರಿನ ಬಿಂದಿಗೆ ಎತ್ತುವಾಗ ಬಳೆಗಳು ಮೊಣಕೈವರೆಗೆ ಜಾರುವುದನ್ನು ಇವತ್ತು ನೋಡಿದೆ. ನನ್ನ ಮೇಲೆ ಇಷ್ಟು ಪ್ರೀತಿ ಇದೆಯೆಂದು ಮೂವತ್ತು ವರ್ಷದಲ್ಲಿ ತೋರಿಸಿಕೊಂಡವಳಲ್ಲ.

೧೬ ಫೆಬ್ರವರಿ, ಶುಕ್ರವಾರ

ಮೂಗಿನಿಂದ ರಬ್ಬರ್ ನಳಿಕೆ ಇಳಿಸಿದರು. ಪ್ರಾಣ ಬಾಯಿಗೆ ಬಂತು. ಸೋಸಿದ ಅಕ್ಕಿ ಗಂಜಿ ಕುಡಿಸಿ, ಕಾಲು ಗಂಟೆಗೊಮ್ಮೆ ಹೊಟ್ಟೆಯ ನೀರು ಎಳೆದು ಒಂದೊಂದು ನಳಿಗೆಗೆ ಹಾಕಿದರು. ಮುಗಿದ ಮೇಲೆ ನಾನೂ ಲ್ಯಾಬಿನೊಳಗೆ ಹೋಗಿ ಕೂತೆ. ಪರೀಕ್ಷೆಯವನಿಗೆ ಪರೀಕ್ಷೆಯವನ ಸಂಕಟ ಗೊತ್ತು, ಮುನಿಶಾಮಿ ಬೇಡ ಎನ್ನಲಿಲ್ಲ.

ಒಂದೊಂದಕ್ಕೂ ಎರಡು ಹನಿ ಔಷಧಿ ಬಿಟ್ಟ. ಸುಣ್ಣ ಬಿದ್ದ ಅರಿಶಿನದ ನೀರಿನಂತೆ ಒಂದೊಂದೇ ಕೆಂಪಾಯಿತು. “ಕೆಂಪು ಬಂದ್ರೆ ಆಸಿಡ್ ಐತೆ ಅಂತ ಲೆಕ್ಕ ಸಾರ್. ಕ್ಯಾನ್ಸರ್ ಹೊಟ್ಟೇಲಿ ಸಾಮಾನ್ಯವಾಗಿ ಆಸಿಡ್ಡೇ ಇರಲ್ಲ, ಹಳದಿಯಾಗೇ ಉಳ್ಕೊಳ್ಳುತ್ತೆ. ನಿಮ್ದು ನೋಡಿ, ಎಷ್ಟು ಚೆನ್ನಾಗೈತೆ!” ನನ್ನ ಹೊಟ್ಟೆಯನ್ನು ಹೊಗಳಿದವನು ಅವನೊಬ್ಬನೇ.

ಆದರೆ ಡಾಕ್ಟರ ಹುಬ್ಬು ಗಂಟಿಕ್ಕಿದೆ. ಮೈಯಲ್ಲಿ ರಕ್ತದ ಅಂಶ ಹದಿಮೂರೂವರೆ, ಸರಿಯಾಗಿಯೇ ಇದೆ, ಆಸಿಡ್ ಇದೆ. ಅಷ್ಟು ರಕ್ತ ಸೋರುತ್ತಿರುವುದಾದರೂ ಎಲ್ಲಿಂದ ಎಂದು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆಂಗಳೂರಿಗೆ ಹೋಗಿ ಬೇರಿಯಂ ಕುಡಿದು ಎಕ್ಸ್‌ರೇ ತೆಗೆಸಬೇಕಂತೆ.

೨೨ ಫೆಬ್ರವರಿ, ಗುರುವಾರ

ಕೋಠಿಯಲ್ಲಿ ಹೊಸದಾಗಿ ಸೇರಿದ ಒಬ್ಬಳು ಎರಡು ಚಿಟ್ಟೆಗಳ ನಂಬರು ಅದಲುಬದಲು ಮಾಡಿದ್ದಳು. ಎಲ್ಲರೆದುರು ಬೈದೆ. “ಒಂದು ನಂಬರು ತಪ್ಪಿದ್ರೆ ರೋಗದ ಮೊಟ್ಟೆ ರೈತನ ಮನೆಗೆ ಹೋಗುತ್ತೆ, ಒಳ್ಳೇದು ಬೆಂಕಿಗೆ ಬೀಳುತ್ತೆ. ಗೊತ್ತೇನಮ್ಮಾ?” ಅಳುತ್ತಾ ಹೋದಳು. ಸಾಯುವವನ ಸಿಡುಕು ಎಂದು ಉಳಿದವರು ಸುಮ್ಮನಿದ್ದರು.

೬ ಮಾರ್ಚ್, ಮಂಗಳವಾರ

ಇಲ್ಲ! ಎಕ್ಸ್‌ರೇಯಲ್ಲಿ ಗಡ್ಡೆ ಇಲ್ಲ. ಕರುಳಿನ ಬಾಯಲ್ಲಿ ಹಳೆಯ ಹುಣ್ಣಿನ ಗುರುತು ಮಾತ್ರ. ಮಾತ್ರೆ, ಹಾಲು, ಖಾರ ಕಡಿಮೆ, ಅಷ್ಟೇ. ರೈಲಿನಲ್ಲಿ ಮಾಲೂರಿಗೆ ಬಂದು ಮಗಳಿಗೆ ಹೇಳಿ, ಅಲ್ಲಿಂದ ಬಸ್ಸು ಹಿಡಿದು ಊರಿಗೆ ಬಂದೆವು. ನಾನು ಮುಂದೆ ಮುಂದೆ ಓಡುತ್ತಾ ಬಂದರೆ, ಜೊತೆಗೆ ಬಂದಿದ್ದ ಇವಳು ಬಸ್ ಸ್ಟಾಪಿನಿಂದ ಮನೆಗೆ ಬರುವುದರೊಳಗೆ ಎರಡು ಕಡೆ ಕೂತಳು. ಇಂಥ ಖುಷಿಯ ದಿನ ಕೂರುತ್ತಾರೆಯೇ ಎಂದು ರೇಗಿದೆ.

ಸಂಜೆ ಕೋಳಿ ಮಾಡಿಸಿದೆ. ಮೂಗಿಗೆ ಸೆರಗು ಹಿಡಿದುಕೊಂಡೇ ಬೇಯಿಸಿದಳು. ತಾನು ಮಜ್ಜಿಗೆ ಕುಡಿದಳು. ಹೋಗಲಿ, ಏನೋ ಹರಕೆ ಇರಬಹುದು.

೧೨ ಮಾರ್ಚ್, ಸೋಮವಾರ

ಲೆಕ್ಕ ತಾಳೆಯಾಗುವುದಿಲ್ಲ ಎಂದು ಡಾಕ್ಟರು ಮಲಪರೀಕ್ಷೆ ಮತ್ತೊಮ್ಮೆ ಬರೆದಿದ್ದರು. ಮತ್ತೆ ಮೂರು ದಿನ ಪಥ್ಯ. ಈ ಸಲ ಆಸ್ಪತ್ರೆಯ ಕಕ್ಕಸಿನಲ್ಲೇ ಡಬ್ಬಿಗೆ ಕೊಟ್ಟೆ. ಒಂದು ಚೂರೂ ನೀಲಿಯಿಲ್ಲ. ಡಾಕ್ಟರು ನನ್ನನ್ನೇ ನೋಡಿ, “ಕದಿರಪ್ಪನೋರೇ, ನಿಜ ಹೇಳಿ, ಮೊದಲನೇದು ಯಾರದ್ದು?” ಎಂದರು. ನನಗೆ ಸಿಟ್ಟು ಬಂತು. “ಸ್ವಾಮಿ, ಇಪ್ಪತ್ತಾರು ವರ್ಷ ಲೇಬಲ್ ಬರೆದವನು ನಾನು. ನನ್ನ ಡಬ್ಬಿ ತಪ್ಪಲ್ಲ” ಎಂದೆ.

ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಕೇಳಿದೆ. “ಆವತ್ತು ಡಬ್ಬಿಗೆ ಏನೇ ಹಾಕಿದ್ದೆ?”

ಇವಳು ಮೊರ ಕೆಳಗಿಟ್ಟಳು. “ನಾಯಿ ಮುಟ್ಬಿಡ್ತು ರೀ. ಎಲೆ ಸಮೇತ ಎಳ್ಕೊಂಡು ಹೋಯ್ತು. ನೀವು ನೋಡಿದ್ರೆ ಬಸ್ಸು ಬಸ್ಸು ಅಂತ ಕೂಗ್ತಿದ್ರಿ.”

“ಅದಕ್ಕೆ?”

“ನಂದೇ ಹಾಕ್ದೆ.” ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು: “ಪರೀಕ್ಷೇಲಿ ಕಾಣೋದು ತಿಂದಿದ್ದೇ ಅಂತ ನೀವೇ ಹೇಳಿರ್ಲಿಲ್ವಾ? ಇಬ್ರೂ ಮೂರು ದಿನ ಒಂದೇ ಒಲೇದು ಉಂಡಿದ್ವಲ್ಲ. ನಿಮ್ದಾದ್ರೇನು, ನಂದಾದ್ರೇನು ಅಂದ್ಕೊಂಡೆ.”

ಬಾಯಿಗೆ ಬಂದಂತೆ ಬೈದೆ. ಇವಳ ದಡ್ಡತನದಿಂದ ಒಂದು ತಿಂಗಳು ದಿನಾ ಸತ್ತೆ, ಮೂಗಿನಲ್ಲಿ ನಳಿಕೆ ಹಾಕಿಸಿಕೊಂಡೆ. ಇವಳು ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡಳು. ಹೋಗಲಿ, ನನಗಂತೂ ಏನೂ ಇಲ್ಲ. ನಾನು ಗೆದ್ದೆ. ಇನ್ನು ಈ ಡೈರಿ ಬರೆಯುವ ಕೆಲಸವಿಲ್ಲ.

೧೩ ಮಾರ್ಚ್, ಮಂಗಳವಾರ

ಕೋಠಿಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದೆ. ಎಂಟನೇ ಗಾಜಿನಲ್ಲಿ ರೋಗ ಕಂಡಿತು. ಎಂಟನೇ ನಂಬರಿನ ಮೊಟ್ಟೆ ಹಾಳೆ ತೆಗೆಯಲು ಎದ್ದವನು ಅಲ್ಲೇ ನಿಂತುಬಿಟ್ಟೆ.

ಡಬ್ಬಿ ಇವಳದಾದರೆ ನೀಲಿಯೂ ಇವಳದೇ.

ರಜೆಗೂ ಬರೆಯದೆ ಓಡಿಬಂದೆ. ಇವಳು ಜಗಲಿಯ ಮೇಲೆ ಕೂತಿದ್ದಳು. ಡಾಕ್ಟರು ನನಗೆ ಮಾಡಿದಂತೆ ಇವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪೇ ಇಲ್ಲ. “ಏನ್ರೀ, ಕಸ ಬಿದ್ದೈತಾ?” ಎಂದಳು.

೧೪ ಮಾರ್ಚ್, ಬುಧವಾರ

ಆಸ್ಪತ್ರೆಗೆ ಕರೆದುಕೊಂಡು ಹೋದೆ. “ಎಷ್ಟು ದಿನದಿಂದ ಊಟ ಸೇರ್ತಿಲ್ಲಮ್ಮಾ?” ಎಂದು ಡಾಕ್ಟರು ಕೇಳಿದರು. “ಜ್ಞಾಪಕ ಇಲ್ಲ ಸ್ವಾಮಿ, ನಾನು ಚೆನ್ನಾಗೇ ಇದೀನಿ. ಹುಷಾರಿಲ್ದೇ ಇದ್ದಿದ್ದು ಇವ್ರಿಗೆ” ಎಂದಳು. ಚೀಲದಲ್ಲಿ ಈ ಡೈರಿ ಇತ್ತು. ತೆಗೆದು ಓದಿದೆ. ಜನವರಿ ಹದಿನೈದು, ಮಾಂಸದ ವಾಸನೆ ಒಗ್ಗಲಿಲ್ಲ. ಫೆಬ್ರವರಿ ಏಳು, ನಾಲ್ಕು ತುತ್ತಿಗೆ ಸಾಕು. ಹನ್ನೆರಡು, ಬಳೆ ಮೊಣಕೈಗೆ ಜಾರಿತು. ಮಾರ್ಚ್ ಆರು, ಎರಡು ಕಡೆ ಕೂತಳು. ಡಾಕ್ಟರು ಬರೆದುಕೊಳ್ಳುತ್ತಾ ಹೋದರು. ನನ್ನ ಹೊಟ್ಟೆಯ ಮೇಲೆ ಬರೆದ ಪುಸ್ತಕದಲ್ಲಿ ಇವಳ ಕಾಯಿಲೆ ತಾರೀಖು ಸಮೇತ ಇತ್ತು.

ಹರಕೆಯಂತೆ, ಭಕ್ತಿಯಂತೆ. ಥೂ.

೧೭ ಮಾರ್ಚ್, ಶನಿವಾರ

ಇವತ್ತು ಬಣವೆಯ ಹತ್ತಿರ ಕೋಲು ಹಿಡಿದು ನಾನೇ ನಿಂತಿದ್ದೆ. ಕಡ್ಡಿಯಲ್ಲಿ ತೆಗೆದು ಡಬ್ಬಿಗೆ ನಾನೇ ಹಾಕಿದೆ. ಚೀಟಿ ಬರೆಯಲು ಕೂತಾಗ ಪೆನ್ನು ನಿಂತಿತು. ಇವಳೇ, ಲೇ, ಆದಿಲಕ್ಷ್ಮಿಯ ಅಮ್ಮ ಎಂದೇ ಮೂವತ್ತು ವರ್ಷ ಕಳೆದಿದೆ. ಈ ಡೈರಿಯಲ್ಲೂ ಹೆಸರಿಲ್ಲ.

ಮುನಿಯಲ್ಲಮ್ಮ, ೪೮, ಸುಗಟೂರು, ೧೭-೩-೭೯.

ಬಸ್ಸಿನಲ್ಲಿ ಚನ್ನರಾಯಪ್ಪ, “ಮತ್ತೆ ಪ್ರಸಾದಾನಾ?” ಎಂದ. “ನನ್ನ ಹೆಂಡ್ತಿ ಮಲ ಕಣಯ್ಯಾ. ಪರೀಕ್ಷೆಗೆ ತಗೊಂಡು ಹೋಗ್ತಿದೀನಿ” ಎಂದೆ. ಅವನು ಎದ್ದು ನನಗೆ ಕಿಟಕಿಯ ಜಾಗ ಬಿಟ್ಟುಕೊಟ್ಟ.

೧೯ ಮಾರ್ಚ್, ಸೋಮವಾರ

ಮಲದಲ್ಲಿ ಮತ್ತೆ ನಾಲ್ಕು ಪ್ಲಸ್. ಮೈಯಲ್ಲಿ ರಕ್ತದ ಅಂಶ ಆರು. ಆರು ಎಂದರೆ ಬಿಂದಿಗೆ ಎತ್ತುವ ಮಾತಿರಲಿ, ಎದ್ದು ನಿಲ್ಲುವುದೇ ಹೆಚ್ಚು ಎಂದರು ಡಾಕ್ಟರು. ಮುನಿಯಲ್ಲಮ್ಮ ನಿನ್ನೆಯವರೆಗೆ ಆರು ಬಿಂದಿಗೆ ತರುತ್ತಿದ್ದಳು.

ಮೂಗಿಗೆ ನಳಿಕೆ ಇಳಿಸುವಾಗ ಕೈ ಹಿಡಿದುಕೊಂಡಿದ್ದೆ. ನನ್ನ ಹಾಗೆ ಕಿರುಚಲಿಲ್ಲ. ಆಮೇಲೆ ಲ್ಯಾಬಿಗೆ ಹೋಗಿ ಕೂತೆ. ಬೇಡ ಸಾರ್, ಹೊರಗಿರಿ ಎಂದ ಮುನಿಶಾಮಿ. ಏಳಲಿಲ್ಲ.

ಮೊದಲನೆಯದಕ್ಕೆ ಎರಡು ಹನಿ. ಹಳದಿ. ಎರಡನೆಯದು ಹಳದಿ. ಐದನೆಯದಕ್ಕೆ ನಾನು ಕೇಳದೆಯೇ ಮುನಿಶಾಮಿ ಇನ್ನೆರಡು ಹನಿ ಹೆಚ್ಚಿಗೆ ಬಿಟ್ಟ. ಹಳದಿಯೇ. ಕೊನೆಯ ನಳಿಗೆಯನ್ನು ಬೆಳಕಿಗೆ ಹಿಡಿದು ನಾನೇ ನೋಡಿದೆ. ಅಂಚಿನಲ್ಲಾದರೂ ಕೆಂಪು ಇದೆಯೇ ಎಂದು ಹುಡುಕಿದೆ. ಅರಿಶಿನದ ನೀರು ಅರಿಶಿನದ ನೀರಾಗಿಯೇ ಇತ್ತು.

“ದೇವುಡಾ” ಎಂದು ಮುನಿಶಾಮಿ ನಳಿಗೆಗಳನ್ನು ತೊಳೆಯಲು ತೆಗೆದುಕೊಂಡು ಹೋದ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮುನಿಯಲ್ಲಮ್ಮ, “ನಂದೂ ಚೆನ್ನಾಗೈತಂತಾ?” ಎಂದು ಕೇಳಿದಳು. ಹೂಂ ಎಂದೆ.

೧೧ ಏಪ್ರಿಲ್, ಬುಧವಾರ. ಮಾಲೂರು

ಆದಿಲಕ್ಷ್ಮಿಯ ಮನೆಯಲ್ಲಿದ್ದೇನೆ. ಇಲ್ಲಿಂದ ದಿನಾ ಬೆಳಗಿನ ರೈಲಿಗೆ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಬರುತ್ತೇನೆ. ಸೋಮವಾರ ಮುನಿಯಲ್ಲಮ್ಮನಿಗೆ ಆಪರೇಷನ್ ಆಯಿತು. ಹೊಟ್ಟೆ ತೆರೆದು ನೋಡಿ, ಹಾಗೆಯೇ ಹೊಲಿದರು. ಗಡ್ಡೆ ಪಿತ್ತಕೋಶದ ಹತ್ತಿರಕ್ಕೂ ಹರಡಿದೆಯಂತೆ.

“ಒಂದು ತಿಂಗಳು ನನ್ನಿಂದ ಹಾಳಾಯ್ತು ಸ್ವಾಮಿ. ಫೆಬ್ರವರಿಯಲ್ಲೇ ಗೊತ್ತಾಗಿದ್ರೆ?” ಎಂದು ಅಲ್ಲಿನ ಡಾಕ್ಟರನ್ನು ಕೇಳಿದೆ. “ಆ ತಿಂಗಳಿಂದ ಏನೂ ಆಗ್ತಿರ್ಲಿಲ್ಲ ಕಣಪ್ಪಾ. ಹೋದ ವರ್ಷ ತೋರಿಸ್ಬೇಕಾಗಿತ್ತು” ಎಂದರು. ಹೋದ ವರ್ಷ ಡೈರಿ ಬರೆದಿರಲಿಲ್ಲ. ಹೋದ ವರ್ಷ ಮುನಿಯಲ್ಲಮ್ಮ ಹೇಗಿದ್ದಳು ಎಂದು ರೈಲಿನಲ್ಲಿ ಉದ್ದಕ್ಕೂ ಜ್ಞಾಪಿಸಿಕೊಳ್ಳಲು ನೋಡಿದೆ. ಏನೂ ಜ್ಞಾಪಕಕ್ಕೆ ಬರಲಿಲ್ಲ.

೨೦ ಮೇ, ಭಾನುವಾರ. ಸುಗಟೂರು

ಮುನಿಯಲ್ಲಮ್ಮ ಬೆಳಿಗ್ಗೆ ಗಂಜಿ ಏಳು ಚಮಚ. ಮಧ್ಯಾಹ್ನ ಮಜ್ಜಿಗೆ ಅರ್ಧ ಲೋಟ, ನಿಂತಿತು. ಸಂಜೆ ವಾಂತಿ. ಹಿತ್ತಲಿನ ಬಿಸಿಲಿಗೆ ಸ್ವಲ್ಪ ಹೊತ್ತು ಕೂರಿಸಿದ್ದೆ.

೨೪ ಮೇ, ಗುರುವಾರ

ಗಂಜಿ ಐದು ಚಮಚ. ನಾನು ಮಾಡಿದ್ದು ಗಂಟುಗಂಟಾಗಿತ್ತು. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಬೇಕು ಎಂದು ಮಲಗಿದಲ್ಲಿಂದಲೇ ಹೇಳಿಕೊಟ್ಟಳು. ತಲೆ ಬಾಚಿದೆ, ಜಡೆ ಹಾಕಲು ಬರಲಿಲ್ಲ, ಗಂಟು ಹಾಕಿದೆ. ಮುನಿಯಲ್ಲಮ್ಮ ನಕ್ಕಳು.

೩೧ ಮೇ, ಗುರುವಾರ

ಗಂಜಿ ಮೂರು ಚಮಚ. ಆದಿಲಕ್ಷ್ಮಿ ಬಂದಿದ್ದಾಳೆ. ಅವಳು ಮಾಡುತ್ತೇನೆ ಎಂದರೂ ನಾನು ಒಲೆ ಬಿಟ್ಟುಕೊಟ್ಟಿಲ್ಲ. “ಅಪ್ಪಾ, ನಿನ್ನ ಹೊಟ್ಟೆನೋವು ಹೆಂಗೈತೆ?” ಎಂದು ಕೇಳಿದಳು. ಮಾತ್ರೆ ಮುಗಿದು ಎಷ್ಟು ದಿನವಾಯಿತೋ.

೫ ಜೂನ್, ಮಂಗಳವಾರ

ಗಂಜಿ ಎರಡು ಚಮಚ. ಇವತ್ತು ಮಾತಾಡಿದಳು.

“ಆವತ್ತು ಬೈದೆನಲ್ಲ, ಮನಸ್ಸಿನಲ್ಲಿ ಇಟ್ಕೋಬೇಡ ಕಣೇ” ಎಂದೆ. “ಆ ಡಬ್ಬಿ ಅದಲುಬದಲು ಮಾಡಿದ್ದು ಒಳ್ಳೇದೇ ಆಯ್ತು. ಇಲ್ಲದಿದ್ರೆ ನಿನ್ನದು ಗೊತ್ತೇ ಆಗ್ತಿರ್ಲಿಲ್ಲ.”

ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಡಬ್ಬಿ ಮೇಲೆ ನಿಮ್ಮ ಹೆಸರಿತ್ತಲ್ಲ, ಅದಕ್ಕೇ ಪರೀಕ್ಷೆ ಮಾಡಿದ್ರು. ನಂದು ಅಂತ ಆಗಿದ್ರೆ, ಅದನ್ನ ಡಬ್ಬಿಗೆ ಹಾಕೋರಾದ್ರೂ ಯಾರಿದ್ರು?”

ಸಿಟ್ಟಿನಿಂದ ಹೇಳಲಿಲ್ಲ. ಹಿಟ್ಟು ಕದಡುವುದನ್ನು ಹೇಳಿಕೊಟ್ಟಳಲ್ಲ, ಅದೇ ದನಿ. ಅವಳ ಕಾಲು ಒತ್ತುತ್ತಾ ಕೂತೆ.

೯ ಜೂನ್, ಶನಿವಾರ

ಬೆಳಿಗ್ಗೆ ಒಲೆ ಹಚ್ಚಿದೆ. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿದೆ. ಇವತ್ತು ಒಂದು ಗಂಟೂ ಇರಲಿಲ್ಲ. ಆರಿಸಿ, ಬಟ್ಟಲಿಗೆ ಹಾಕಿಕೊಂಡು ಒಳಗೆ ಹೋದೆ. ಹೆಸರು ಹಿಡಿದು ಎರಡು ಸಲ ಕೂಗಿದೆ.

ಮುನಿಯಲ್ಲಮ್ಮ, ೪೮, ಸುಗಟೂರು. ೯-೬-೭೯. ಗಂಜಿ ಕುಡಿಯಲಿಲ್ಲ.